ಮೊದಲು ಕಂಡ ದಿನ

“ನಮ್ಮವನು ಎಲ್ಲಿ ಹೋದ ಅಂತ ಹೇಳಿಬಿಡಿ, ನಾನು ಎದ್ದು ಹೋಗ್ತೀನಿ,” ಎಂದ ಡ್ರೈವರಜ್ಜ ಏಳುವುದಿರಲಿ, ಕುರ್ಚಿಯಲ್ಲಿ ಇನ್ನಷ್ಟು ಭದ್ರವಾಗಿ ಕೂತರು.

ನಮ್ಮವನು ಅಂದರೆ ಮಗನೂ ಅಲ್ಲ, ಮೊಮ್ಮಗನೂ ಅಲ್ಲ. ‘ಒಂಬತ್ತು ಬಾಗಿಲ ಪಟ್ಟಣ’ ಎಂಬ ವಿಡಿಯೋ ಗೇಮಿನಲ್ಲಿ ಅವರು ಇಪ್ಪತ್ತಾರು ದಿನ ಆಡಿ ಬೆಳೆಸಿದ ವೀರ. ಗೇಮು ಬಿಡುಗಡೆಯಾಗುವ ಮುಂಚೆ ಹೊರಗಿನ ನಾಲ್ಕು ಜನರನ್ನು ಕೂರಿಸಿ ಆಡಿಸಿ ನೋಡುವುದು ಆ ಪುಟ್ಟ ಕಂಪನಿಯ ಪದ್ಧತಿ. ಬಸ್ಸು ಓಡಿಸಿ ನಿವೃತ್ತರಾದ ಡ್ರೈವರಜ್ಜ ದಿನಾ ಹತ್ತಕ್ಕೆ ಬರುವರು, ಕನ್ನಡಕ ಒರೆಸಿಕೊಳ್ಳುವರು, ವೀರನನ್ನು ಕುದುರೆಗಾಡಿ ಹತ್ತಿಸುವರು. ರಾಕ್ಷಸರ ಗೊಡವೆಗೆ ಹೆಚ್ಚು ಹೋಗದೆ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಗಾಡಿಗೆ ಹತ್ತಿಸಿಕೊಂಡು ಊರೂರಿಗೆ ಇಳಿಸುವುದೇ ಅವರ ಆಟ. ಇವತ್ತು ಪರದೆ ತೆರೆದರೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ವೀರನೂ ಇಲ್ಲ, ಗಾಡಿಯೂ ಇಲ್ಲ.

“ನಿನ್ನೆ ಕೊನೆಗೆ ಏನು ಮಾಡಿದ್ರಿ?” ಎಂದು ಕೇಳಿದಳು ದೊಡ್ಡಕ್ಕ. ಕಂಪನಿ ಅವಳದು, ಅಕ್ಕ ಎನ್ನುವಷ್ಟು ಸಲಿಗೆಯನ್ನೂ, ದೊಡ್ಡ ಎನ್ನುವಷ್ಟು ದೂರವನ್ನೂ ಅವಳೇ ಇಟ್ಟುಕೊಂಡಿದ್ದಳು.

“ಏನಿಲ್ಲ. ಬಾವಿ ಪಕ್ಕದ ಓಣಿ ಕಿರಿದು. ತಿರುಗಿಸೋಣ ಅಂತ ಗಾಡಿ ರಿವರ್ಸ್ ತಗೊಂಡೆ. ಗೋಡೆ ಒಳಗೇ ಹೋಗಿಬಿಡ್ತು. ಅಲ್ಲೊಂದು ಹುಲ್ಲುಗಾವಲು. ಟೈಮಾಯ್ತು ಅಂತ ಆಟ ಸೇವ್ ಮಾಡಿ ಉಳಿಸಿ ಮನೆಗೆ ಹೋದೆ.”

“ಆಟದಲ್ಲಿ ಯಾರಾದ್ರೂ ರಿವರ್ಸ್ ತಗೋತಾರಾ ಅಜ್ಜ?”

“ಮೂವತ್ತನಾಲ್ಕು ವರ್ಷ ಸ್ಟಿಯರಿಂಗ್ ಹಿಡಿದವನು ತಗೋತಾನಮ್ಮ.”

ಅವರ ಹಿಂದೆ ನಿಂತಿದ್ದ ಕೊಕ್ಕೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ಕೊಕ್ಕೆ ಅವಳ ಹೆಸರಲ್ಲ, ಕೆಲಸ. ಗೇಮಿನಲ್ಲಿ ತಪ್ಪು ಹುಡುಕುವುದಕ್ಕೇ ಅವಳನ್ನು ಇಟ್ಟುಕೊಂಡದ್ದು. ಎಲ್ಲದಕ್ಕೂ ಕೊಕ್ಕೆ ಹಾಕುವವಳು ಎಂದು ಸಹೋದ್ಯೋಗಿ ಮೇಸ್ತ್ರಿ ಇಟ್ಟ ಅಡ್ಡಹೆಸರು ನಿಂತುಬಿಟ್ಟಿತ್ತು. ಆ ಪಟ್ಟಣದ ಪ್ರತಿ ಗೋಡೆಗೂ ವೀರನ ತಲೆ ಗುದ್ದಿಸಿ ಗಟ್ಟಿಯಿದೆಯೇ ನೋಡಬೇಕು. ಪ್ರತಿ ಹೊಸ್ತಿಲನ್ನೂ ಹತ್ತಾರು ಸಲ ದಾಟಿಸಬೇಕು. ಅವಳ ಪಟ್ಟಿಯಲ್ಲಿ ನಾನೂರಹನ್ನೊಂದು ದೋಷಗಳಿದ್ದವು. ಆಡುಗಳು ಮಾಳಿಗೆ ಏರಿ ಇಳಿಯಲಾರದೆ ಅರಚುತ್ತವೆ. ತಮ್ಮನನ್ನು ಕೊಂದವನನ್ನೂ ರಾಣಿ “ಬನ್ನಿ, ಬಾಯಾರಿಕೆಗೆ ಏನಾದರೂ ಬೇಕೇ?” ಎಂದು ವಿಚಾರಿಸುತ್ತಾಳೆ. ರಾಕ್ಷಸನಿಗೆ ಎರಡು ಕಂಬಳಿ ಮಾರಿದರೆ ಹಗೆಯನ್ನೇ ಮರೆತು ಗಿರಾಕಿಯಾಗುತ್ತಾನೆ. ಪಕ್ಕದ ‘ಮೆಚ್ಚುಗೆ’ಯ ಅಂಕಣದಲ್ಲೂ ಸಾಲುಗಳಿದ್ದವು: ಕೊಟ್ಟ ಮಾತನ್ನು ಈ ಆಟ ಮರೆಯುವುದಿಲ್ಲ, ನದಿ ದಾಟಿಸುತ್ತೇನೆಂದು ಯಾವಳೋ ಮುದುಕಿಗೆ ಮೊದಲ ದಿನ ಹೇಳಿ ಬಿಟ್ಟುಬಂದರೆ, ಹತ್ತನೆಯ ದಿನವೂ ಅವಳು ಅದೇ ದಡದಲ್ಲಿ ಕಾಯುತ್ತಿರುತ್ತಾಳೆ. ಸಂಜೆಯ ಬೆಳಕು ಒಂದೊಂದು ಓಣಿಗೆ ಒಂದೊಂದು ಬಣ್ಣ.

ಆದರೆ ಪಟ್ಟಿಯಲ್ಲಿ ಇಲ್ಲದ ದೋಷ ಒಂದಿತ್ತು. ಮೂರು ತಿಂಗಳ ಹಿಂದೆ, ಬಾವಿಯ ಪಕ್ಕದ ಗೋಡೆಗೆ ವೀರನನ್ನು ಮುಂದಿನಿಂದ ಗುದ್ದಿಸಿದ್ದಳು, ಗಟ್ಟಿಯಿತ್ತು. ಬೇಜಾರಿಗೆ ಹಿಮ್ಮುಖವಾಗಿ ನಡೆಸಿದಳು. ಬೆನ್ನು ಗೋಡೆಯೊಳಗೆ ಹಾದು ಆಚೆ ಬಂದಿತು. ಆಚೆ ಹುಲ್ಲು, ಗಾಳಿ, ಮೇಲೆ ಆಕಾಶ. ಅಷ್ಟೇ. ಮೂರು ದಿಕ್ಕಿಗೆ ಹೋಗು, ನಾಲ್ಕನೆಯದಕ್ಕೆ ಮಾತ್ರ ಹೋಗಬೇಡ ಎಂದು ಅಜ್ಜಿಯ ಕಥೆಗಳಲ್ಲಿ ರಾಜಕುಮಾರನಿಗೆ ಹೇಳಿ ಕಳಿಸುತ್ತಿದ್ದರಲ್ಲ, ಆ ನಾಲ್ಕನೆಯ ದಿಕ್ಕು ಕೊನೆಗೂ ಸಿಕ್ಕಿತು ಅನ್ನಿಸಿತ್ತು ಅವಳಿಗೆ. ಬರೆದುಕೊಟ್ಟರೆ ಸಂಜೆಯೊಳಗೆ ಮುಚ್ಚಿಬಿಡುತ್ತಾರೆ. ನಾಳೆ ಬರೆದರಾಯಿತು ಎಂದುಕೊಂಡಳು. ನಾಳೆ ಎಂದವರ ಮನೆ ಹಾಳು ಎನ್ನುವುದನ್ನು ಯಾರೂ ನೆನಪಿಸಲಿಲ್ಲ. ದಿನಾ ಊಟದ ಬಿಡುವಿನಲ್ಲಿ ವೀರನನ್ನು ಆ ಹುಲ್ಲಿನಲ್ಲಿ ನಿಲ್ಲಿಸಿ, ತಾನು ಡಬ್ಬಿ ಬಿಚ್ಚುವಳು; ಬಿಡುವು ಮುಗಿದರೆ ಆಟ ಉಳಿಸದೆ ಹಾಗೆಯೇ ಆರಿಸಿಬಿಡುವಳು.

ಹಾಗೆ ಉಳಿಸದೆ ಇದ್ದುದಕ್ಕೇ ಅವಳಿಗೆ ವಿಷಯ ಗೊತ್ತಾಗಿರಲಿಲ್ಲ. ಆ ಹುಲ್ಲುಗಾವಲು ಆಟದ ನಕ್ಷೆಯಲ್ಲೇ ಇಲ್ಲ. ಅಲ್ಲಿ ಆಟ ಉಳಿಸಿದರೆ, ಮತ್ತೆ ತೆರೆದಾಗ ವೀರನನ್ನು ಯಾವ ನೆಲದ ಮೇಲೆ ನಿಲ್ಲಿಸಬೇಕೆಂದು ಯಂತ್ರಕ್ಕೆ ತಿಳಿಯದು. ಇಪ್ಪತ್ತಾರು ದಿನದ ಆಟ ನೀರಿನಲ್ಲಿ ಹೋಮ.

ದೊಡ್ಡಕ್ಕ ಮೇಸ್ತ್ರಿಯನ್ನು ಕರೆಸಿದಳು. ಪಟ್ಟಣದ ಓಣಿ, ಗೋಡೆ, ಮೆಟ್ಟಿಲುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕಟ್ಟಿದವನು ಅವನು. ಸಾಧು ಮನುಷ್ಯ, ಮಾತು ಕಡಿಮೆ.

“ಬಿಡುಗಡೆಗೆ ಒಂಬತ್ತು ದಿನ ಇದೆ. ಈಗ ಗೋಡೆಯಲ್ಲಿ ತೂತು! ಒಂದು ಗೋಡೆ ನೆಟ್ಟಗೆ ಕಟ್ಟೋಕೆ ಬರಲ್ವಾ ನಿನಗೆ?”

“ಎಲ್ಲಾ ಗೋಡೆ ಪರೀಕ್ಷೆ ಆಗಿತ್ತಲ್ಲ ಅಕ್ಕ,” ಎಂದ ಮೇಸ್ತ್ರಿ.

“ಕೊಕ್ಕೆ ಕಣ್ಣಿಗೇ ಬಿದ್ದಿಲ್ಲ ಅಂದ್ರೆ ನೀನು ಆಮೇಲೆ ಏನೋ ಕೆದಕಿದ್ದೀಯ. ಮುಂದಿನ ಗೇಮಿಗೆ ಗೋಡೆ ಕೆಲಸ ಬೇರೆಯವರು ನೋಡ್ಕೊಳ್ಳಲಿ. ಕೊಕ್ಕೆ, ದೋಷದ ಹಾಳೆ ತುಂಬಿಸಿ ಮಧ್ಯಾಹ್ನದೊಳಗೆ ಕೊಡು.”

ಮೇಸ್ತ್ರಿ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ತಪ್ಪು ಅಲ್ಲೆಲ್ಲೋ ಅಂಟಿಕೊಂಡಿದೆಯೇನೋ ಎಂಬಂತೆ.

ಕೊಕ್ಕೆ ತನ್ನ ಮೇಜಿಗೆ ಬಂದಳು. ದೋಷದ ಹಾಳೆ ಎಂದರೆ ಪರದೆಯ ಮೇಲಿನ ಐದು ಖಾನೆ. ದೋಷ ಯಾವುದು, ಎಲ್ಲಿ, ಹೇಗೆ, ಎಷ್ಟು ಗಂಭೀರ: ನಾಲ್ಕನ್ನೂ ಉಸಿರು ಬಿಡದೆ ತುಂಬಿದಳು. ಐದನೆಯದು ‘ಮೊದಲು ಕಂಡ ದಿನ’. ಅಲ್ಲಿ ಇವತ್ತಿನ ತಾರೀಕು ಹಾಕಿದಳು.

ಯಾರಿಗೂ ಗೊತ್ತಾಗುವುದಿಲ್ಲ. ಗೋಡೆ ಮುಚ್ಚುತ್ತಾರೆ, ಗೇಮು ಬರುತ್ತದೆ, ಜನ ಆಡುತ್ತಾರೆ. ಮೇಸ್ತ್ರಿಗೆ? ಅವನಿಗೆ ಬೇರೆ ಏನೋ ಕೆಲಸ ಕೊಟ್ಟಾರು. ಮರ ನೆಡು, ಮೋಡ ಬಿಡಿಸು ಅಂದಾರು. ಮಾಳಿಗೆಯ ಮೇಲಿನ ಆಡುಗಳನ್ನು ನೂರು ಸಲ ಹಿಡಿದುಕೊಟ್ಟವಳು ತನ್ನದೊಂದು ಆಡನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದೇನೆ ಅನ್ನಿಸಿತು. ತಾರೀಕು ಅಳಿಸಿದಳು. ಮೂರು ತಿಂಗಳ ಹಿಂದಿನ ಒಂದು ಮಂಗಳವಾರವನ್ನು ಬರೆದಳು. ಕಳಿಸುವ ಗುಂಡಿಯ ಮೇಲಿಟ್ಟ ಬೆರಳು ತಾನಾಗಿ ಒತ್ತುವುದಿಲ್ಲವಲ್ಲ. ಕಣ್ಣು ಮುಚ್ಚಿ ಒತ್ತಿದಳು.

ಎರಡೇ ನಿಮಿಷ. ದೊಡ್ಡಕ್ಕನ ಕೋಣೆಯ ಬಾಗಿಲು ತೆರೆಯಿತು.

“ತಾರೀಕು ತಪ್ಪಾಗಿದೆ.”

“ಇಲ್ಲ ಅಕ್ಕ, ಸರಿಯಾಗಿದೆ,” ಎಂದಳು ಕೊಕ್ಕೆ. ಎಲ್ಲವನ್ನೂ ಹೇಳಿದಳು. ಡ್ರೈವರಜ್ಜ ಇನ್ನೂ ಅಲ್ಲೇ ಕೂತಿದ್ದರು, ಮೇಸ್ತ್ರಿ ನಿಂತಿದ್ದ.

“ಮೂರು ತಿಂಗಳು!” ಎಂದಳು ದೊಡ್ಡಕ್ಕ. “ಬೇಲಿ ಅಂತ ನಿನ್ನ ಇಟ್ಕೊಂಡ್ರೆ ನೀನೇ ಹೊಲ ಮೇಯ್ತಾ ಕೂತಿದ್ದೀಯ.” ಇನ್ನೂ ಏನೇನೋ ಅಂದಳು; ಅನ್ನುವ ಹಕ್ಕು ಅವಳಿಗಿತ್ತು. ಬಿಡುಗಡೆ ಮುಗಿಯಲಿ, ನಿನ್ನ ವಿಷಯ ಆಮೇಲೆ ಎಂದು ಮಾತು ಮುಗಿಸಿದಳು.

ಡ್ರೈವರಜ್ಜ ಕೆಮ್ಮಿದರು. “ಏನು ಮಾಡ್ತಿದ್ದೆ ಮಗಳೇ ಅಲ್ಲಿ?”

“ಏನೂ ಇಲ್ಲ ಅಜ್ಜ. ಸುಮ್ಮನೆ ಇರ್ತಿದ್ದೆ.”

“ಹೂಂ. ನಾನೂ ನಿನ್ನೆ ಒಂದು ಗಳಿಗೆ ಹಾಗೇ ಇದ್ದೆ. ಅದಕ್ಕೇ ಟೈಮಾಗಿದ್ದು. ಈ ಆಟದ ಊರಲ್ಲಿ ನಿಂತ ಕಡೆ ನಿಲ್ಲೋಕೆ ಬಿಡಲ್ಲ ನೋಡಿ. ಬಾವಿಗೆ ಹೋದ್ರೆ ಒಬ್ಬಳು, ನನ್ನ ಉಂಗುರ ಕಳೀತು ಹುಡುಕಿ ಕೊಡು ಅಂತಾಳೆ. ಮರದ ಕೆಳಗೆ ಹೋದ್ರೆ ಇನ್ನೊಬ್ಬ, ಕಳ್ಳರು ಬಂದ್ರು ಹೊಡಿ ಅಂತಾನೆ. ವೀರ ಆದ್ರೇನು, ಅವನಿಗೂ ಕಾಲು ನೋಯಲ್ವಾ?”

ಕೊಕ್ಕೆ ಮೆಲ್ಲಗೆ ತನ್ನ ಮೇಜಿಗೆ ಹೋಗಿ ಇನ್ನೊಂದು ದೋಷದ ಹಾಳೆ ತೆರೆದಳು. ದೋಷ: ಈ ಪಟ್ಟಣದಲ್ಲಿ ಸುಮ್ಮನೆ ಕೂರಲು ಒಂದೇ ಒಂದು ಜಾಗವಿಲ್ಲ. ಎಲ್ಲಿ: ಎಲ್ಲೆಡೆ. ಎಷ್ಟು ಗಂಭೀರ ಎಂಬಲ್ಲಿ ‘ಅತಿ’ ಎಂದು ಗುರುತು ಹಾಕಿ ಕಳಿಸಿದಳು. ಬೈಸಿಕೊಂಡಾಗಿದೆ, ಮಳೆಯಲ್ಲಿ ನೆಂದವಳಿಗೆ ಹನಿಯ ಭಯವೇ?

ಮಾರನೆಯ ದಿನ ಮೇಸ್ತ್ರಿ ಅವಳ ಮುಖ ನೋಡಲಿಲ್ಲ. ಅದರ ಮಾರನೆಯ ದಿನ ಬಂದು ಅವಳ ಮೇಜಿನ ತುದಿ ಹಿಡಿದು ನಿಂತ.

“ಬಂದು ನನಗೆ ಒಬ್ಬನಿಗಾದ್ರೂ ಹೇಳಬಹುದಿತ್ತು.”

“ಹೌದು. ಹೇಳಬಹುದಿತ್ತು. ತಪ್ಪಾಯ್ತು.”

“ಆ ಹುಲ್ಲು ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಬೆಳೆಸಿದ್ದು. ಗಾಳಿ ಹೇಗೆ ಬೀಸುತ್ತೆ ನೋಡೋಣ ಅಂತ. ಆಮೇಲೆ ಅದರ ಮುಂದೆ ಗೋಡೆ ಕಟ್ಟಿ ಮರೆತೇಬಿಟ್ಟಿದ್ದೆ.” ಅವಳ ಪರದೆಯತ್ತ ಒಮ್ಮೆ ನೋಡಿದ. “ಗಾಳಿ ಚೆನ್ನಾಗಿದೆಯಾ?”

“ತುಂಬಾ ಚೆನ್ನಾಗಿದೆ.”

“ದೊಡ್ಡಕ್ಕ ನಿನ್ನ ಎರಡನೇ ಹಾಳೆ ನನಗೆ ಕಳಿಸಿದ್ದಾಳೆ. ಕೆಳಗೆ ಒಂದೇ ಸಾಲು ಬರೆದಿದ್ದಾಳೆ: ಎರಡು ದಿನದಲ್ಲಿ ಆಗುತ್ತಾ? ಆಗುತ್ತೆ ಅಂದಿದ್ದೀನಿ. ಆದ್ರೆ ನೀನು ಗುದ್ದಿ ಗುದ್ದಿ ನೋಡಬೇಕು, ಮುಂದಿನಿಂದ, ಹಿಂದಿನಿಂದ, ಅಡ್ಡಡ್ಡ.”

“ತಲೆಕೆಳಗಾಗಿ ಬೇಕಾದ್ರೂ ಗುದ್ದುತ್ತೀನಿ.”

ಮೇಸ್ತ್ರಿ ನಗಲಿಲ್ಲ, ಆದರೆ ನಗು ತಡೆದವನ ಹಾಗೆ ಮೂಗು ಉಜ್ಜಿಕೊಂಡ.

ಶುಕ್ರವಾರ ಹತ್ತು ಗಂಟೆಗೆ ಡ್ರೈವರಜ್ಜ ಬಂದು ಕನ್ನಡಕ ಒರೆಸಿಕೊಂಡರು. ಹೊಸ ವೀರನನ್ನು ಮೊದಲಿನಿಂದ ಶುರು ಮಾಡಬೇಕಿತ್ತು. “ಆಗಲಿ ಬಿಡಿ. ಹಳಬನಿಗಿಂತ ಇವನ ಮೂಗು ನೆಟ್ಟಗಿದೆ,” ಎಂದರು. ಕೊಕ್ಕೆ ಅವರ ಪಕ್ಕದಲ್ಲಿ ಕುರ್ಚಿ ಹಾಕಿ ಕೂತಳು. ಮೇಸ್ತ್ರಿ ಹಿಂದೆ ಕೈಕಟ್ಟಿ ನಿಂತ. ದೊಡ್ಡಕ್ಕನ ಕೋಣೆಯ ಬಾಗಿಲು ಅರೆ ತೆರೆದಿತ್ತು.

ಗಾಡಿ ಬಾವಿಯ ಓಣಿಗೆ ಬಂತು. ಗೋಡೆಯಿದ್ದ ಕಡೆ ಈಗ ಒಂದು ಮರದ ಗೇಟು, ಅಗುಳಿಯಿಲ್ಲದ್ದು. ಡ್ರೈವರಜ್ಜ ಅಭ್ಯಾಸಬಲದಿಂದ ಕನ್ನಡಿ ಹುಡುಕುವವರಂತೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ಕತ್ತು ತಿರುಗಿಸಿ, ಗಾಡಿಯನ್ನು ಹಿಮ್ಮುಖವಾಗಿಯೇ ಒಳಗೆ ಬಿಟ್ಟರು. ಹುಲ್ಲಿನ ನಡುವೆ ನಿಲ್ಲಿಸಿದರು. ಆಟ ಉಳಿಸಿದರು, ಆರಿಸಿದರು. ಕೊಕ್ಕೆ ಕುರ್ಚಿಯ ತುದಿಗೆ ಸರಿದಳು. ಅವರು ಮತ್ತೆ ಗುಂಡಿ ಒತ್ತಿದರು.

ಪರದೆಯ ತುಂಬ ಬೆಳಕು. ವೀರ ಗಾಡಿಯ ಮುಂದಿನ ಮೂಕಿಮರದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಯಾರೂ ಏನನ್ನೂ ಕೇಳಲು ಬರಲಿಲ್ಲ. ಅಜ್ಜ ಗುಂಡಿಗಳ ಮೇಲಿಂದ ಕೈಗಳನ್ನು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

“ಅರೆ, ಈ ಆಟಕ್ಕೆ ಸುಮ್ಮನೆ ಕೂರೋದನ್ನ ಯಾರು ಕಲಿಸಿದ್ದು?” ಎಂದರು.

ಮೇಸ್ತ್ರಿ ಸೂರು ನೋಡುತ್ತಿದ್ದ. ಪರದೆಯಲ್ಲಿ ಕುದುರೆ ಕತ್ತು ಬಗ್ಗಿಸಿ, ಅವಸರವಿಲ್ಲದೆ, ಒಂದೊಂದೇ ಎಸಳು ಹುಲ್ಲು ಮೇಯತೊಡಗಿತ್ತು.