ತೆಗೆದಿಟ್ಟ ಮುಚ್ಚಳ

“ಇಳಿಯೋ ಬೋಳಿಮಗನೆ! ಹೆಂಡ ಸಾಗಿಸೋಕೆ ಹೆಂಗಸನ್ನ ಬೇರೆ ಕಾವಲಿಗೆ ಕೂರಿಸಿದೀಯ?”

ಇನ್‌ಸ್ಪೆಕ್ಟರ್ ಚೆಕ್‌ಪೋಸ್ಟಿನಲ್ಲಿ ತಡೆದ ಗೂಡ್ಸ್ ಆಟೋದ ಬದಿಗೆ ಲಾಠಿ ಬಡಿದ. ಓಡಿಸುತ್ತಿದ್ದ ಮೈದುನ ಇಳಿದ. ಹಿಂದೆ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತಿದ್ದ ಅತ್ತಿಗೆ ಇಳಿಯಲಿಲ್ಲ. ಪೆಟ್ಟಿಗೆಗಳ ಮೇಲೆಲ್ಲ ಬ್ರಾಂದಿ ಬಾಟಲಿಯ ಚಿತ್ರವಿತ್ತು.

“ಹೆಂಡ ಅಲ್ಲ ಸಾಹೇಬ್ರೆ, ಮೀನಿನ ಮರಿ. ಬಾರಿನೋರು ಬಿಸಾಕಿದ ಪೆಟ್ಟಿಗೆ. ಗಟ್ಟಿ ಇರುತ್ತೆ, ಒಳಗೆ ಬಿಸಿಲು ಬೀಳಲ್ಲ ಅಂತ ತಂದ್ವಿ,” ಅತ್ತಿಗೆ ಹೇಳಿದಳು.

“ತೆಗಿ.”

“ಪೆಟ್ಟಿಗೆ ತೆಗೀತೀನಿ. ಒಳಗಿನ ಪ್ಲಾಸ್ಟಿಕ್ ಚೀಲದ ಕಟ್ಟು ಮಾತ್ರ ಬಿಚ್ಚಬೇಡಿ. ಆಕ್ಸಿಜನ್ ತುಂಬಿ ಕಟ್ಟಿದೆ. ಅದು ಹೋದ್ರೆ ಹೊಂಡ ಮುಟ್ಟೋ ಮುಂಚೆ ಸಾಯ್ತವೆ.”

ಪೇದೆ ನಕ್ಕ. “ಕೇಳಿದ್ರಾ ಸಾರ್? ಆಸ್ಪತ್ರೇಲಿ ಮನುಷ್ಯರಿಗೇ ಆಕ್ಸಿಜನ್ ಇಲ್ಲ, ಇವಳ ಮೀನಿಗೆ ಬೇಕಂತೆ!”

ಹೊಂಡ ಒಡೆಯನದು. ಅದರಲ್ಲಿ ಮೀನು ಸಾಕಿಕೊಂಡು, ಏರಿಯ ಮೇಲಿನ ಗುಡಿಸಲಲ್ಲಿ ಅತ್ತಿಗೆ-ಮೈದುನರ ವಾಸ. ಹೋದ ಸಲ ಮರಿಗಳು ಸತ್ತಾಗ ಒಡೆಯ ಹೇಳಿದ್ದ: “ಇನ್ನೊಂದು ಸಲ ಹೊಂಡ ಖಾಲಿ ಬಿದ್ರೆ ಗುಡಿಸಲೂ ಖಾಲಿ.”

ಅಷ್ಟರಲ್ಲಿ ಅವನದೇ ಕಾರು ಬಂತು. ಪೇದೆ ಸಲ್ಯೂಟ್ ಹೊಡೆದ.

“ಒಡೆಯರೇ, ನಿಮ್ಮ ಹೊಂಡದ ಮರಿ ಅಂತ ಇವರಿಗೆ ಹೇಳಿ,” ಅತ್ತಿಗೆ ಕೂಗಿದಳು.

ಗಾಜು ಅರ್ಧ ಇಳಿಯಿತು. “ನಿನ್ನ ಪೆಟ್ಟಿಗೇಲಿ ಏನಿದೆಯೋ ನಂಗೇನು ಗೊತ್ತು? ಸತ್ತವನ್ನ ಮಾತ್ರ ನನ್ನ ಹೊಂಡಕ್ಕೆ ತರಬೇಡ.”

ಗಾಜು ಏರಿತು. ಕಾರು ಹೋಯಿತು.

“ಅವರ ಡಿಕ್ಕಿ ನೋಡಲ್ವಾ ಸಾರ್?” ಮೈದುನ ಕೇಳಿದ.

ಇನ್‌ಸ್ಪೆಕ್ಟರನ ಏಟು ಕಪಾಳಕ್ಕೆ ಬಿತ್ತು. “ಗಾಡಿ ನಿಲ್ಸಿದ ಮೇಲೆ ಮುಚ್ಚಿರೋದನ್ನ ಬಿಚ್ಚಿಸೋ ಅಧಿಕಾರ ನಮಗಿದೆ. ಯಾರದ್ದು ಬಿಚ್ಚಬೇಕು ಅಂತ ನೀನು ಹೇಳ್ಕೊಡ್ತೀಯೇನೋ ಸೂಳೆಮಗನೆ?”

ಪೇದೆ ಚಾಕುವಿನಿಂದ ಒಂದೊಂದೇ ಚೀಲದ ಕುತ್ತಿಗೆ ಕೊಯ್ದ. ಉಬ್ಬಿ ನಿಂತಿದ್ದ ಚೀಲಗಳು ಬುಸ್ಸೆಂದು ಕುಸಿದವು. ತಳದ ನೀರಿನಲ್ಲಿ ರೆಪ್ಪೆಗೂದಲಿನಷ್ಟು ಮರಿಗಳು. ಬಾಟಲಿ ಒಂದೂ ಇರಲಿಲ್ಲ.

“ಹೋಗಿ, ಹೋಗಿ,” ಎಂದು ಇನ್‌ಸ್ಪೆಕ್ಟರ್ ಪೇದೆಯೊಂದಿಗೆ ನೆರಳಿಗೆ ನಡೆದ.

ಮರಿಗಳು ಆಗಲೇ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅತ್ತಿಗೆ ಸುತ್ತ ನೋಡಿದಳು. ಚೆಕ್‌ಪೋಸ್ಟಿನ ಪಕ್ಕ ಪೊಲೀಸರ ಕುಡಿಯುವ ನೀರಿನ ನೀಲಿ ಡ್ರಮ್ಮಿತ್ತು. ಬೆಳಿಗ್ಗೆ ಬಾವಿಯಿಂದ ತುಂಬಿಸಿದ್ದು. ಮುಚ್ಚಳ ತೆಗೆದು ಕೈಯದ್ದಿ ನೋಡಿದಳು. ತಂಪಾಗಿತ್ತು. ಒಂದು ಚೀಲ ಎತ್ತಿ ಸುರಿದಳು. ಮೈದುನನೂ ಎತ್ತಿದ. ಎಲ್ಲ ಚೀಲ ಖಾಲಿಯಾದ ಮೇಲೆ ಹೇಳಿದಳು: “ಮರಿ ಕೊಟ್ಟೋರ ಹತ್ರ ಓಡು. ಹೊಸ ಚೀಲ, ಸಿಲಿಂಡರ್ ತಗೊಂಡ್ ಬಾ.”

“ಇವರ ಮಧ್ಯೆ ಒಬ್ಬಳೇ ಇರ್ತೀಯಾ ಅತ್ತಿಗೆ?”

“ಒಬ್ಬಳೇ ಎಲ್ಲಿ? ಇಷ್ಟು ಮಕ್ಕಳಿವೆ. ಹೋಗು.”

ಆಟೋ ಹೊರಟ ಸದ್ದಿಗೆ ಇನ್‌ಸ್ಪೆಕ್ಟರ್ ತಿರುಗಿದ. ಅವಳು ತೋಳಿನವರೆಗೆ ಕೈ ಇಳಿಸಿ, ಗಾಳಿ ಸೇರಲೆಂದು ನೀರನ್ನು ಕಲಕುತ್ತಿದ್ದಳು.

“ಏಯ್! ಕುಡಿಯೋ ನೀರು ಕಣೇ ಅದು!”

“ಹೌದು ಸಾಹೇಬ್ರೆ. ಮುಚ್ಚಳ ತೆಗೆದೇ ಇಟ್ಟಿದೀನಿ. ಎಷ್ಟು ಬೇಕೋ ಅಷ್ಟು ತಪಾಸಣೆ ಮಾಡ್ಕೊಳ್ಳಿ.”

ಲಾಠಿ ಮೇಲೆದ್ದಿತು. ಅವಳು ಕೈ ನಿಲ್ಲಿಸಲಿಲ್ಲ.