ನಿಲ್ಲದೆ ಮುಚ್ಚಿದ ಹಿಂಬಾಗಿಲು

ಎರಡೂ ಕೈಯಲ್ಲಿ ಹಪ್ಪಳದ ಡಬ್ಬ. ಕಾರಿನ ಹಿಂಬಾಗಿಲು ಮುಚ್ಚಿದೆ. ಡಬ್ಬ ಕೆಳಗಿಡಬೇಕು, ಬಾಗಿಲು ಎತ್ತಬೇಕು, ಮತ್ತೆ ಬಗ್ಗಿ ಡಬ್ಬ ತೆಗೆದುಕೊಳ್ಳಬೇಕು. ಭಂಡಿಗಡಿಯ ಗಿರಿಯಮ್ಮನಿಗೆ ಮೊದಲೇ ಸೊಂಟ ನೋವು. ಹಲಸಿನ ಹಪ್ಪಳ ಮಾಡಿ ಕೊಪ್ಪ, ಶೃಂಗೇರಿಯ ಅಂಗಡಿಗಳಿಗೆ ಕೊಡುವುದು ಅವರ ಕೆಲಸ. ಕಾರು ಓಡಿಸುವವನು ಮಗ ರಾಕೇಶ.

"ಅಮ್ಮ, ಇನ್ಮೇಲೆ ನೀನು ಬಾಗಿಲು ಮುಟ್ಟೋದೇ ಬೇಡ. ಬಟನ್ ಒತ್ತಿದ್ರೆ ತಾನೇ ತೆಗಿಯತ್ತೆ, ತಾನೇ ಮುಚ್ಚತ್ತೆ" ಎಂದು ರಾಕೇಶ ಆನ್‌ಲೈನಿನಲ್ಲಿ ಮೋಟಾರ್ ಕಿಟ್ ತರಿಸಿದ.

ಅವನ ಹೆಂಡತಿ ಭವ್ಯಳ ಗೆಳತಿ ತಸ್ಮಿಯಾ ಕೊಪ್ಪದ ಒಂದು ಕಾರು ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡುತ್ತಾಳೆ. ಮನೆಗೆ ಬಂದಿದ್ದವಳು ಕಿಟ್ ನೋಡಿ ಹೇಳಿದಳು: "ರಾಕೇಶಣ್ಣ, ಇದನ್ನ ನೀವೇ ಹಾಕ್ಬೇಡಿ. ಕೈ ಅಡ್ಡ ಬಂದ್ರೆ ಬಾಗಿಲು ನಿಂತು ವಾಪಸ್ ಮೇಲೆ ಹೋಗ್ಬೇಕು. ಗೊತ್ತಿರೋರ ಹತ್ರ ಹಾಕಿಸಿ, ಪರೀಕ್ಷೆ ಮಾಡಿಸಿ."

"ಎಂತ ಮಾರಾಯ್ತಿ, ನಾಲ್ಕು ಸ್ಕ್ರೂ, ನಾಲ್ಕು ವೈರ್. ವಿಡಿಯೋದಲ್ಲಿ ಎಲ್ಲಾ ತೋರಿಸಿದ್ದಾನೆ."

ಭಾನುವಾರ ಅವನೇ ಕೂತು ಹಾಕಿದ. ಬಾಗಿಲು ಮೇಲೆ ಹೋಯಿತು, ಕೆಳಗೆ ಬಂತು. ಅಕ್ಕಪಕ್ಕದವರೆಲ್ಲ ಬಂದು ನೋಡಿದರು. ರಾಕೇಶನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆ ವಾರವೇ ಶೃಂಗೇರಿಯ ಒಂದು ಅಂಗಡಿ ಮುಂದೆ ಗಿರಿಯಮ್ಮ ಖಾಲಿ ಡಬ್ಬಗಳನ್ನು ಹಿಂದೆ ಜೋಡಿಸುತ್ತಿದ್ದರು. ಬಲಗೈ ಬಾಗಿಲಿನ ಚೌಕಟ್ಟಿನ ಮೇಲಿತ್ತು. ಮುಂದಿನ ಸೀಟಿನಲ್ಲಿ ಕೂತಿದ್ದ ರಾಕೇಶ ತಿರುಗಿ ನೋಡದೆ ಬಟನ್ ಒತ್ತಿದ. ಬಾಗಿಲು ಇಳಿಯಿತು. ಗಿರಿಯಮ್ಮ ಕೂಗಿಕೊಂಡರೂ ನಿಲ್ಲಲಿಲ್ಲ. ಬೆರಳುಗಳ ಮೇಲೆ ಕೂತು ಇನ್ನೂ ಒತ್ತಿತು. ಅಂಗಡಿಯವರೂ ದಾರಿಹೋಕರೂ ಓಡಿಬಂದು ಕೈಹಾಕಿ ಎತ್ತಿದ ಮೇಲೆಯೇ ಕೈ ಹೊರಗೆ ಬಂದದ್ದು. ಎರಡು ಬೆರಳಿನ ಮೂಳೆ ಮುರಿದಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ರಾಕೇಶ ತಲೆ ಕೆರೆದುಕೊಳ್ಳುತ್ತ ಹೇಳಿದ: "ಅಮ್ಮನೂ ಸ್ವಲ್ಪ ನೋಡ್ಕೊಂಡು ಕೈ ಇಡ್ಬೇಕಿತ್ತು."

ಗಿರಿಯಮ್ಮ ಕೂತಲ್ಲಿಂದ ಎದ್ದರು. "ಎಂತ ಹೇಳ್ದೆ? ಇನ್ನೊಂದ್ಸಲ ಹೇಳು! ನೋಡದೆ ಬಟನ್ ಒತ್ತಿದ್ದು ನೀನು, ತಪ್ಪು ನನ್ನ ಕೈದಾ? ನಾನು ಕೇಳಿದ್ನಾ ನಿನ್ನ ಮೋಟಾರ್ ಬಾಗಿಲು? ನಿನ್ನ ವಿಡಿಯೋದವ್ನು ಬಂದು ಹಪ್ಪಳ ಒತ್ತಿ ಕೊಡ್ತಾನಾ?"

ಸುದ್ದಿ ಕೇಳಿ ತಸ್ಮಿಯಾ ಬಂದಿದ್ದಳು. ಅಡುಗೆಮನೆಯಿಂದ ಒಂದು ಸೌತೆಕಾಯಿ ತಂದು, ಅಂಗಳದಲ್ಲಿದ್ದ ಕಾರಿನ ಹಿಂಬಾಗಿಲು ತೆರೆದು ಚೌಕಟ್ಟಿನ ಮೇಲಿಟ್ಟು, ಎಲ್ಲರನ್ನೂ ದೂರ ನಿಲ್ಲಿಸಿ ಬಟನ್ ಒತ್ತಿದಳು. ಸೌತೆಕಾಯಿ ಜಜ್ಜಿಹೋಯಿತು. ಬಾಗಿಲು ನಿಲ್ಲಲೇ ಇಲ್ಲ.

ಅವಳು ಒಳಗಿನ ಮುಚ್ಚಳ ಬಿಚ್ಚಿ ನೋಡಿದಳು. ಬಾಗಿಲಿಗೆ ಏನಾದರೂ ತಾಗಿದರೆ ಅದನ್ನು ನಿಲ್ಲಿಸುವ ಸೆನ್ಸರಿನ ವೈರ್ ಕಳಚಿ ನೇತಾಡುತ್ತಿತ್ತು.

"ಇದನ್ನ ಯಾರು ತೆಗೆದಿದ್ದು?"

"ನಾನೇ. ಅದು ಸಿಕ್ಕಿಸಿದ್ರೆ ಬಾಗಿಲು ಅರ್ಧಕ್ಕೇ ವಾಪಸ್ ಹೋಗ್ತಿತ್ತು."

"ಸೆನ್ಸರಿನ ಪಟ್ಟಿ ಸೊಟ್ಟಗೆ ಅಂಟಿಸಿದ್ರೆ ಮತ್ತೆಂತ ಆಗತ್ತೆ? ಸರಿ ಮಾಡೋ ಬದಲು ಕಾಪಾಡೋದನ್ನೇ ಕಿತ್ತು ಬಿಸಾಡಿದ್ರಾ? ಬ್ಯಾಟರಿಯಿಂದ ಬರೋ ವೈರಿಗೆ ಫ್ಯೂಸೂ ಇಲ್ಲ. ಬೆಂಕಿ ಹತ್ತಿದ್ರೆ ಎಂತ ಮಾಡ್ತಿದ್ರಿ ರಾಕೇಶಣ್ಣ?"

ಭವ್ಯ ಗಂಡನ ಮುಂದೆ ಬಂದು ನಿಂತಳು. "ನಮ್ಮ ಕೂಸು ದಿನಾ ಅಲ್ಲೇ ಹತ್ತಿ ಆಡತ್ತೆ. ಸೌತೆಕಾಯಿ ಇದ್ದ ಜಾಗದಲ್ಲಿ ಅದರ ಕುತ್ತಿಗೆ ಇದ್ದಿದ್ರೆ?"

"ತಪ್ಪು ನಂದೇ. ಇವತ್ತೇ ತೆಗಿಸ್ತೀನಿ" ಎಂದ ರಾಕೇಶ.

ತಸ್ಮಿಯಾ ಅಲ್ಲೇ ಬ್ಯಾಟರಿಯ ವೈರ್ ಕಳಚಿದಳು. ಮರುದಿನ ಕೊಪ್ಪದಲ್ಲಿ ಮೋಟಾರ್ ತೆಗೆಸಿದರು; ಬಾಗಿಲನ್ನು ಎತ್ತಿ ಹಿಡಿಯುವ ಕಂಪನಿಯ ಹಳೇ ರಾಡುಗಳೇ ವಾಪಸ್ ಬಂದವು. ಈಗ ಬಾಗಿಲು ಎತ್ತುವವನು, ಡಬ್ಬ ಹೊರುವವನು ರಾಕೇಶ. ಹಪ್ಪಳ ಒತ್ತುವವನೂ ಅವನೇ. ಗಿರಿಯಮ್ಮ ಮಗನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. "ದಪ್ಪ ಆಯ್ತು, ಮತ್ತೆ ಒತ್ತು" ಎನ್ನುತ್ತಾರೆ, ಅಷ್ಟೇ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಗೂ ಇಂಥ ಬಾಗಿಲು ಬೇಕೇ? ಹಾಗಾದರೆ ವಿಡಿಯೋ ನೋಡಿ ವೈರ್ ಕತ್ತರಿಸಬೇಡಿ. ನಿಮ್ಮ ಗಾಡಿಗೆ ಹೊಂದುವ ಕಿಟ್ ಮಾತ್ರ ತನ್ನಿ, ಕಲಿತವರಿಂದಲೇ ಹಾಕಿಸಿ, ಫ್ಯೂಸ್ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಕಂಪನಿಯ ವಾರಂಟಿ, ವಿಮೆ ಏನಾಗುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಹಿಂದೆ ಯಾರಿದ್ದಾರೆ ಎಂದು ಕಣ್ಣಾರೆ ನೋಡದೆ ಬಟನ್ ಮುಟ್ಟಬೇಡಿ.

ಈಗಾಗಲೇ ಹಾಕಿಸಿದ್ದರೆ ಇವತ್ತೇ ಅಂಗಳಕ್ಕೆ ಹೋಗಿ. ಮಕ್ಕಳನ್ನು ದೂರ ನಿಲ್ಲಿಸಿ, ಸುತ್ತಿದ ಟವೆಲ್ ಒಂದನ್ನು ಬಾಗಿಲಿಗೆ ಅಡ್ಡ ಇಟ್ಟು ಬಟನ್ ಒತ್ತಿ. ಕೈಯಿಟ್ಟು ನೋಡಲೇಬೇಡಿ. ಬಾಗಿಲು ನಿಂತು ಹಿಂದಕ್ಕೆ ಹೋಗದಿದ್ದರೆ ಅದನ್ನು ಇನ್ನೊಂದು ಸಲ ಬಳಸಬೇಡಿ. ಮನೆಯವರ ಕೈ ಸಿಕ್ಕಿಹಾಕಿಕೊಂಡ ಮೇಲೆ "ನೋಡ್ಕೊಂಡು ಇಡ್ಬೇಕಿತ್ತು" ಎಂದು ಹೇಳುವ ಬಾಯಿ ಮಾತ್ರ ನಿಮ್ಮದಾಗದಿರಲಿ.