ಗೂಟಕ್ಕೇರದ ಟೋಪಿ

ವಾಯುಪಡೆಯ ಮುಖ್ಯಸ್ಥರು ತಂಗಿಯ ಮನೆಗೆ ಬಂದರೆ ಮೊದಲ ಕೆಲಸ ಟೋಪಿ ತೆಗೆದು ಬಾಗಿಲ ಪಕ್ಕದ ಗೂಟಕ್ಕೆ ಹಾಕುವುದು. ಟೋಪಿ ಗೂಟಕ್ಕೇರಿತೆಂದರೆ ಅವರು ಮುಖ್ಯಸ್ಥರಲ್ಲ, ಬರೀ ಅಣ್ಣ. ಆಮೇಲೆ ಮೂಗು ಹಿಡಿದುಕೊಂಡು ತಮ್ಮ ಹಳೆಯ ತರಬೇತುದಾರನ ದನಿಯಲ್ಲಿ, "ಲೇ ಕುಂಬಳಕಾಯಿ, ವಿಮಾನ ಹಾರಿಸ್ತಿದ್ದೀಯೋ, ಎತ್ತಿನಗಾಡಿ ಹೊಡೀತಿದ್ದೀಯೋ?" ಎಂದು ಗದರುವರು. ಮೊದಲ ಹಾರಾಟದಲ್ಲಿ ಬೂಟಿನ ಮೇಲೇ ವಾಂತಿ ಮಾಡಿಕೊಂಡವರು ಯುದ್ಧವಿಮಾನಗಳನ್ನು ಪಳಗಿಸಿ, ಎದೆ ತುಂಬ ಪದಕ ತೂಗಿಸಿಕೊಂಡು, ಮೇಲೇರುತ್ತ ಮೇಲೇರುತ್ತ ಕಡೆಗೆ ಮೇಜಿನ ಹಿಂದೆ ಬಂದಿಳಿದ ಕತೆಯೆಲ್ಲ ಆ ಅಣಕಿನಲ್ಲಿ ಬಂದುಹೋಗುತ್ತಿತ್ತು.

"ಮಾವ ಊರಿಗೆಲ್ಲ ಟೋಪಿ ಹಾಕಿ ನಮ್ಮನೇಲಿ ಮಾತ್ರ ತೆಗೀತಾರೆ," ಎಂದು ತಂಗಿಯ ಮಗ ನಗುತ್ತಿದ್ದ. ಮಾವನನ್ನು ನೋಡಿಯೇ ಅವನೂ ಪೈಲಟ್ ಆಗಿದ್ದ.

ಹೋದ ತಿಂಗಳು ತಂಗಿ ಅವರನ್ನು ಅಡುಗೆಮನೆಗೆ ಕರೆದಿದ್ದಳು. "ಅಣ್ಣಾ, ಅವನಿಗೆ ಆ ಬೆಟ್ಟದ ಕಡೆ ಪೋಸ್ಟಿಂಗ್ ಬೇಡ. ನೀನು ಒಂದು ಮಾತು ಅಂದ್ರೆ ಸಾಕು."

"ಬೇರೆಯವರ ಮಕ್ಕಳು ಹೋಗ್ತಿದ್ದಾರಲ್ಲಮ್ಮ. ನನ್ನಳಿಯ ಅಂತ ಬಿಟ್ರೆ, ನಾಳೆ ಯಾವ ಮುಖ ಇಟ್ಕೊಂಡು ಅವರಿಗೆ ಹೋಗು ಅನ್ನಲಿ?"

ತಂಗಿ ಒಲೆ ಆರಿಸಿದ್ದಳು.

ಇವತ್ತು ಬೆಳಗ್ಗೆ ಅಳಿಯನ ವಿಮಾನ ಮಂಜಿನಲ್ಲಿ ಬೆಟ್ಟಕ್ಕೆ ಬಡಿಯಿತು.

ಸಾವಿನ ಸುದ್ದಿ ಹೊತ್ತವರು ಅದನ್ನು ಹೇಳಿ ಮುಗಿಸುವ ತನಕ ಟೋಪಿ ತೆಗೆಯಬಾರದು. ಅದು ಪಡೆಯ ಕಟ್ಟಳೆ. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. "ನಾನೇ ಹೋಗ್ತೀನಿ," ಎಂದಿದ್ದರು. ಮೆಟ್ಟಿಲು ಹತ್ತುವಾಗ ಅವರಿಗಿದ್ದದ್ದು ಒಂದೇ ಆಸೆ: ಎಲ್ಲ ಕೇಳಿದ ಮೇಲೂ ಅವಳು ಅಣ್ಣಾ ಅಂದರೆ ಸಾಕು.

"ಬಾ ಅಣ್ಣಾ, ಏನಿದು ಹೊತ್ತಲ್ಲದ ಹೊತ್ತಲ್ಲಿ? ಕೊಡು ಇಲ್ಲಿ," ಎಂದು ತಂಗಿ ರೂಢಿಯಂತೆ ಟೋಪಿಗೆ ಒದ್ದೆ ಕೈ ಚಾಚಿದಳು.

ಅವರ ಕೈ ಮೇಲೇಳಲಿಲ್ಲ.

ಚಾಚಿದ ಕೈ ಹಾಗೇ ನಿಂತಿತು. ಪೈಲಟ್ಟನ ತಾಯಿಗೆ ಆ ಕಟ್ಟಳೆ ಗೊತ್ತಿಲ್ಲದೆ ಇದ್ದೀತೇ? ಎದುರುಮನೆಯ ಬಾಗಿಲಲ್ಲಿ ಹೀಗೇ ಟೋಪಿ ತೆಗೆಯದೆ ನಿಂತವರನ್ನು ಅವಳು ಕಂಡಿದ್ದಳು.

ಯಾರ್‍ಯಾರದೋ ದನಿ ಅಣಕಿಸುತ್ತಿದ್ದವರು ಈಗ ತಮ್ಮ ಸ್ವಂತ ದನಿಯಲ್ಲಿ ಕರೆದರು. "ತಂಗೀ..."

ಅವಳು ಒಂದು ಹೆಜ್ಜೆ ಹಿಂದೆ ಸರಿದು, ಕೈ ಒರೆಸಿಕೊಂಡು, ನೆಟ್ಟಗೆ ನಿಂತಳು.

"ಹೇಳಿ, ಸಾರ್."

ಅವರು ಹೇಳಿದರು. ಎಲ್ಲಿ, ಹೇಗೆ, ಯಾರ ಆದೇಶದ ಮೇಲೆ ಅವನು ಅಲ್ಲಿದ್ದ, ಒಂದನ್ನೂ ನುಂಗಲಿಲ್ಲ. ಆಮೇಲೆ ಟೋಪಿ ತೆಗೆದರು. ಇಸಿದುಕೊಳ್ಳಲು ಯಾವ ಕೈಯೂ ಮುಂದೆ ಬರಲಿಲ್ಲ. ಗೂಟ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅವರು ಟೋಪಿಯನ್ನು ಎದೆಗವಚಿಕೊಂಡು ಹೊಸ್ತಿಲ ಆಚೆಗೇ ನಿಂತರು.